ಸೋತ ಮೇಲಿನ ಲೆಕ್ಕ: ತಾರೆಮರದಿಂದ ಪೋಕರ್‌ವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ-ಮುಂಜಿಯ ಮನೆಗಳಲ್ಲಿ ಮಧ್ಯಾಹ್ನದ ಊಟ ಮುಗಿದು, ಕವಳದ ಬಟ್ಟಲು ಒಂದು ಸುತ್ತು ತಿರುಗಿತೆಂದರೆ ಜಗಲಿಯ ಮೂಲೆಯಲ್ಲಿ ಕಂಬಳಿಯೊಂದು ಹಾಸಿಕೊಳ್ಳುತ್ತದೆ. ಯಾರದೋ ಚೀಲದಿಂದ ಇಸ್ಪೀಟಿನ ಕಟ್ಟು ಹೊರಬರುತ್ತದೆ. ನಾಲ್ವರು ಕುಳಿತು ‘ಇಪ್ಪತ್ತೆಂಟು’ ಆಡತೊಡಗಿದರೆ ಸುತ್ತ ನಿಂತು ನೋಡುವವರು ಎಂಟು ಮಂದಿ. ಆಟಕ್ಕಿಂತಲೂ ಕೇಳಲು ಸೊಗಸಾದದ್ದು ಒಂದು ಆಟ ಸೋತ ಮೇಲಿನ ಜಗಳ.

“ಆ ಗುಲಾಮನ್ನ ಎಂತಕ್ಕೆ ಬಿಟ್ಯೋ ಮಾರಾಯಾ?” ಎಂದು ಒಬ್ಬರು ರೇಗುತ್ತಾರೆ. “ಎಲೆನೇ ಸರಿ ಬೈಂದಿಲ್ಲೆ ಭಾವಾ” ಎಂದು ಎದುರಿಗೆ ಕುಳಿತ ಜೊತೆಗಾರ ಸಮಜಾಯಿಷಿ ಕೊಡುತ್ತಾನೆ. ಮೊದಲನೆಯವರ ಪ್ರಕಾರ ಸೋಲಿಗೆ ಕಾರಣ ತಪ್ಪು ನಿರ್ಧಾರ. ಎರಡನೆಯವನ ಪ್ರಕಾರ ಕೆಟ್ಟ ಅದೃಷ್ಟ. ಈ ಎರಡರಲ್ಲಿ ಯಾವುದು ನಿಜವೆಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಇದರ ಸುತ್ತ ಪುರಾಣವಿದೆ, ಗಣಿತವಿದೆ, ನ್ಯಾಯಾಲಯದ ತೀರ್ಪುಗಳಿವೆ.

ಎಲೆಗಳು ಬಂದ ದಾರಿ

ಭಾರತಕ್ಕೆ ಎಲೆಯಾಟ ಬಂದದ್ದು ಎರಡು ದಾರಿಗಳಿಂದ. ಒಂದು, ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ. ೧೫೨೭ರಲ್ಲಿ ಬಾಬರ್ ತನ್ನ ಸ್ನೇಹಿತನೊಬ್ಬನಿಗೆ ಇಂಥ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ದೊಡ್ಡ ರಸಿಕರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ‘ಛದ’ ಎಂಬ ಹೆಸರಿನ ಎಲೆಯಾಟಗಳ ವಿವರಣೆಯೇ ಇದೆ.

ಇನ್ನೊಂದು ದಾರಿ ಸಮುದ್ರದ್ದು. ೫೨ ಎಲೆಗಳ ಕಟ್ಟು ನಮ್ಮ ಕರಾವಳಿಗೆ ಬಂದದ್ದು ಯೂರೋಪಿನವರ ಹಡಗುಗಳಲ್ಲಿ. ಹೆಸರುಗಳೇ ಅದಕ್ಕೆ ಸಾಕ್ಷಿ. ‘ಇಸ್ಪೀಟು’ ಎಂಬುದು ಕತ್ತಿ ಎಂಬರ್ಥದ ಪೋರ್ಚುಗೀಸರ ‘ಎಸ್ಪಾದ’ಕ್ಕೆ ಹತ್ತಿರ. ‘ಕಳಾವರ್’, ‘ಆಟಿನ್’ ಎಂಬವು ಡಚ್ಚರ ‘ಕ್ಲಾವರ್’, ‘ಹಾರ್ಟನ್’ ಎಂಬವನ್ನು ನೆನಪಿಸುತ್ತವೆ. ಸೋದೆ ಅರಸರ ನಾಡಿನ ಕಾಳುಮೆಣಸು ಘಟ್ಟ ಇಳಿದು ಬಂದರು ಸೇರುತ್ತಿದ್ದ ಕಾಲದಲ್ಲಿ ಪೋರ್ಚುಗೀಸರೂ ಡಚ್ಚರೂ ಕರಾವಳಿಯುದ್ದಕ್ಕೂ ಮೆಣಸಿಗಾಗಿ ಪೈಪೋಟಿ ನಡೆಸುತ್ತಿದ್ದರು. ರಾಜನನ್ನೂ ಮೀರಿಸಿ ಗುಲಾಮನಿಗೆ ೩, ಒಂಬತ್ತಕ್ಕೆ ೨, ಎಕ್ಕ ಮತ್ತು ಹತ್ತಕ್ಕೆ ತಲಾ ೧ ಅಂಕ ಕೊಡುವ ನಮ್ಮ ಇಪ್ಪತ್ತೆಂಟರ ಮೂಲ ಕೂಡ ನೆದರ್‌ಲ್ಯಾಂಡಿನ ಕಡೆಯ ಎಲೆಯಾಟಗಳ ಕುಟುಂಬದಲ್ಲಿದೆ ಎಂಬುದು ಈ ಆಟಗಳ ಇತಿಹಾಸ ಬಲ್ಲವರ ಅಭಿಪ್ರಾಯ.

ತಾರೆಕಾಯಿಯ ಜೂಜು

ಎಲೆಗಳು ಬರುವ ಮೊದಲು ಇಲ್ಲಿ ಜೂಜು ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಗಡೆ, ಕವಡೆಯ ಆಟಗಳಿಗೆ ಜಾಗವಿದೆ. ಈಗಿನ ಶಿರಸಿ ತಾಲ್ಲೂಕಿನ ಬನವಾಸಿ ಆಗ ಆ ಚಾಲುಕ್ಯರ ಒಂದು ಮುಖ್ಯ ಪ್ರಾಂತ. ಅದಕ್ಕೂ ಹಿಂದೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ದಾಳ ಒದಗಿಸಿ, ಗೆದ್ದವರಿಂದ ನೂರಕ್ಕೆ ಐದರಂತೆ ವಸೂಲಿ ಮಾಡುವುದು ಅವನ ಕೆಲಸ.

ಇನ್ನೂ ಹಿಂದಕ್ಕೆ ಹೋದರೆ ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೋತ ಜೂಜುಗಾರನ ಅಳಲೇ ಒಂದು ಸೂಕ್ತವಾಗಿದೆ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ಬೈಯುತ್ತಾಳೆ, ಸಾಲಗಾರರಿಗೆ ಹೆದರಿ ರಾತ್ರಿ ಪರರ ಮನೆಯತ್ತ ಹೆಜ್ಜೆ ಹಾಕಬೇಕಾಗಿದೆ. ಕೊನೆಗೆ ಅವನಿಗೆ ಸಿಗುವ ಬುದ್ಧಿಮಾತು, ದಾಳ ಬಿಟ್ಟು ಹೊಲ ಉಳು ಎಂಬುದು.

ಆ ಕಾಲದ ದಾಳವೆಂದರೆ ಇಂದಿನ ಆರು ಮುಖದ ದಾಳವಲ್ಲ. ವಿಭೀತಕದ, ಅಂದರೆ ನಮ್ಮ ತಾರೆಮರದ, ಕಾಯಿ. ಅಳಲೆಕಾಯಿ, ನೆಲ್ಲಿಕಾಯಿಯ ಜೊತೆ ತ್ರಿಫಲೆಗೆ ಸೇರುವ ಅದೇ ತಾರೆಕಾಯಿ. ಶಿರಸಿ-ಯಲ್ಲಾಪುರದ ಕಾಡಿನಲ್ಲಿ ತಿರುಗಾಡಿದವರಿಗೆ ಆ ಮರ ಅಪರಿಚಿತವಲ್ಲ. ವಿದ್ವಾಂಸರು ಕೊಡುವ ವಿವರಣೆಯಂತೆ, ರಾಶಿಯಿಂದ ತೆಗೆದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸುವುದೇ ಆಟ. ಏನೂ ಉಳಿಯದಿದ್ದರೆ ‘ಕೃತ’, ಮೂರು ಉಳಿದರೆ ‘ತ್ರೇತಾ’, ಎರಡು ಉಳಿದರೆ ‘ದ್ವಾಪರ’, ಒಂದೇ ಉಳಿದರೆ ‘ಕಲಿ’. ಕೃತ ಗೆಲುವು, ಕಲಿ ಸೋಲು. ನಾಲ್ಕು ಯುಗಗಳಿಗೂ ಇವೇ ಹೆಸರುಗಳೆಂಬುದನ್ನು ಗಮನಿಸಬೇಕು.

ಇದು ತಿಳಿದರೆ ಮಹಾಭಾರತದ ವನಪರ್ವದಲ್ಲಿರುವ, ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ಯಿಂದ ಮನೆಮಾತಾದ ನಳನ ಕಥೆಗೆ ಹೊಸ ಅರ್ಥ ಬರುತ್ತದೆ. ಪುಷ್ಕರನೊಡನೆ ಆಡಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ವಿದರ್ಭಕ್ಕೆ ಹೋಗುವ ದಾರಿಯಲ್ಲಿ ಋತುಪರ್ಣ ಒಂದು ತಾರೆಮರವನ್ನು ತೋರಿಸಿ, ಅದರ ಎರಡು ಕೊಂಬೆಗಳಲ್ಲಿ ೨,೦೯೫ ಕಾಯಿಗಳಿವೆ ಎನ್ನುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ತನ್ನ ಅಶ್ವಹೃದಯ ವಿದ್ಯೆಗೆ ಬದಲಾಗಿ ಅವನಿಂದ ಅಕ್ಷಹೃದಯವನ್ನು, ಎಂದರೆ ದಾಳದ ಒಳಗುಟ್ಟನ್ನು, ಕಲಿಯುತ್ತಾನೆ. ಅದೇ ಗಳಿಗೆಯಲ್ಲಿ ಅವನ ಮೈಯೊಳಗಿದ್ದ ಕಲಿ ಹೊರಬಂದು ತಾರೆಮರವನ್ನು ಸೇರುತ್ತಾನೆ.

ಕಾಯಿಗಳ ರಾಶಿಯನ್ನು ಕಂಡೊಡನೆ ಎಣಿಸಬಲ್ಲವನಿಗೆ ಆ ಜೂಜಿನಲ್ಲಿ ಸೋಲಿಲ್ಲ. ಹಾಗಾಗಿ ಋತುಪರ್ಣನ ವಿದ್ಯೆ ಮಂತ್ರವಲ್ಲ, ಲೆಕ್ಕ. ಸಂಭವನೀಯತೆಯ ಇತಿಹಾಸವನ್ನು ಬರೆದ ಕೆನಡಾದ ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಈ ಪ್ರಸಂಗಕ್ಕೆ ಮಹತ್ವ ಕೊಟ್ಟದ್ದು ಇದೇ ಕಾರಣಕ್ಕೆ.

ಧರ್ಮರಾಯನದು ಇನ್ನೊಂದು ಬಗೆ. ಮೊದಲ ಜೂಜಿನಲ್ಲಿ ಸೋತದ್ದೆಲ್ಲ ಮರಳಿ ಕೈಸೇರಿದ ಮೇಲೂ ಕರೆ ಬಂತೆಂದು ತಿರುಗಿ ಹೋಗಿ ಕೂತು ೧೨ ವರ್ಷ ವನವಾಸ, ೧ ವರ್ಷ ಅಜ್ಞಾತವಾಸ ತಂದುಕೊಂಡ. ಮೊದಲ ಸೋಲಿಗೂ ಎರಡನೆಯ ಸೋಲಿಗೂ ನಡುವೆ ಅವನು ಯಾವ ಲೆಕ್ಕವನ್ನೂ ಹಾಕಲಿಲ್ಲ. ನಳನ ಕಥೆಯನ್ನು ಕಾಡಿನಲ್ಲಿ ಬೃಹದಶ್ವ ಋಷಿ ಹೇಳುವುದು ಇವನಿಗೇ. ಹೇಳಿದ ಮೇಲೆ ಅಕ್ಷಹೃದಯವನ್ನೂ ಕಲಿಸುತ್ತಾನೆ. ವಿರಾಟನ ಸಭೆಯಲ್ಲಿ ಕಂಕಭಟ್ಟನಾಗಿ ದಾಳ ಹಿಡಿಯುವ ಹೊತ್ತಿಗೆ ಧರ್ಮರಾಯ ಆಟ ಬಲ್ಲವನಾಗಿದ್ದಾನೆ. ನಮ್ಮ ಕಡೆಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ರಾತ್ರಿಯಿಡೀ ಮಾಡುವುದೂ ಒಂದರ್ಥದಲ್ಲಿ ಇಂಥ ಮರುವಿಚಾರವನ್ನೇ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ, ಅವನಿಗೆ ತಿಳಿದಿದ್ದಷ್ಟರಲ್ಲಿ, ಮಾಡಿದ್ದು ಸರಿಯೇ ಎಂಬುದೇ ವಾದ.

ಹುಣಸೆಬೀಜದ ಪಾಠ

ಇದೇ ಪ್ರಶ್ನೆಯನ್ನು ಅಂಕಿಗಳಲ್ಲಿ ಕೇಳಲು ತಕ್ಕ ಆಟ ಅಮೆರಿಕದಲ್ಲಿ ಬೆಳೆದ ಪೋಕರ್. ಅದರ ‘ಲಿಮಿಟ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ಎಂದು ಬಿಚ್ಚುತ್ತಾರೆ. ಪಣ ಕಟ್ಟಲು ನಾಲ್ಕು ಸುತ್ತು. ಪ್ರತಿ ಸುತ್ತಿನ ಪಣದ ಮೊತ್ತ ಮೊದಲೇ ನಿಗದಿ. ಇದ್ದದ್ದೆಲ್ಲವನ್ನೂ ಒಮ್ಮೆಗೇ ಒಡ್ಡುವಂತಿಲ್ಲ. ಆದ್ದರಿಂದ ಪ್ರತಿ ನಿರ್ಧಾರವನ್ನೂ ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಶಿರಸಿಯಲ್ಲಿ ಗೆಳೆಯರೊಡನೆ ಒಂದು ರಾತ್ರಿ ಈ ಆಟ ಆಡಿದೆವು. ದುಡ್ಡಿಲ್ಲ, ಹುಣಸೆಬೀಜ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಬೀಜವೆಲ್ಲ ಖಾಲಿ. ಮರುದಿನ ಬೆಳಿಗ್ಗೆ ಎರಡು ಆಟಗಳನ್ನು ನೆನಪಿನಿಂದ ಬರೆದುಕೊಂಡೆ.

ಮೊದಲನೆಯದರಲ್ಲಿ ನನ್ನ ಕೈಯಲ್ಲಿ ಎರಡು ಆಟಿನ್, ನಡುವಿನ ನಾಲ್ಕು ಎಲೆಗಳಲ್ಲಿ ಎರಡು ಆಟಿನ್. ಇನ್ನೊಂದು ಆಟಿನ್ ಬಿದ್ದರೆ ಒಂದೇ ಬಣ್ಣದ ಐದು ಎಲೆಯಾಗಿ ಗೆಲುವು. ರಾಶಿಯಲ್ಲಿ ೧೦೦ ಬೀಜ. ಎದುರಾಳಿ ೨೦ ಇಟ್ಟಾಗ ೧೨೦. ಉಳಿಯಬೇಕಾದರೆ ನಾನೂ ೨೦ ಇಡಬೇಕು. ಇಟ್ಟೆ. ಬಂದದ್ದು ಕಳಾವರ್, ಸೋತೆ.

ಎರಡನೆಯದರಲ್ಲಿ ೫, ೬, ೮, ೯ ಸೇರಿದ್ದವು; ನಡುವಿನ ೭ ಬಂದರೆ ಮಾತ್ರ ಗೆಲುವು. ಎದುರಾಳಿಯ ೨೦ ಸೇರಿ ರಾಶಿಯಲ್ಲಿದ್ದದ್ದು ೮೦. ಮತ್ತೆ ೨೦ ಇಟ್ಟೆ. ಏಳು ಬಂದೇಬಿಟ್ಟಿತು! ಆ ರಾತ್ರಿ ಮೊದಲನೆಯ ಆಟಕ್ಕೆ ಕೈಕೈ ಹಿಸುಕಿಕೊಂಡೆ, ಎರಡನೆಯದಕ್ಕೆ ಬೀಗಿದೆ.

ಬೆಳಗಿನ ಲೆಕ್ಕ ಬೇರೆಯೇ ಹೇಳಿತು. ನನಗೆ ಕಾಣದ ಎಲೆಗಳು ೪೬. ಮೊದಲ ಆಟದಲ್ಲಿ ಅವುಗಳ ಪೈಕಿ ೯ ನನ್ನವು, ೩೭ ಅಲ್ಲ. ಒಂದೊಂದು ಎಲೆಯೂ ಒಂದೊಂದು ಸಲ ಬಂದಿತೆಂದುಕೊಂಡು ೪೬ ಸಲ ಆಡಿದರೆ ೯ ಸಲ ೧೨೦ರಂತೆ ೧,೦೮೦ ಲಾಭ. ೩೭ ಸಲ ೨೦ರಂತೆ ೭೪೦ ನಷ್ಟ. ಉಳಿಕೆ ೩೪೦ ಬೀಜ. ಎರಡನೆಯದರಲ್ಲಿ ನನ್ನ ಎಲೆಗಳು ನಾಲ್ಕೇ. ೩೨೦ ಲಾಭ, ೮೪೦ ನಷ್ಟ. ಕೊನೆಯ ಎಲೆಯ ಮೇಲೆ ಮತ್ತೆ ಪಣವಿಲ್ಲ, ಬೇಕಾದ ಎಲೆ ಬಂದರೆ ಗೆಲುವು ಖಂಡಿತ ಎಂದಿಟ್ಟುಕೊಂಡ ಲೆಕ್ಕವಿದು. ಅಂದರೆ ಸೋತ ಆಟದಲ್ಲಿ ನಾನು ಸರಿಯಾಗಿ ಆಡಿದ್ದೆ. ಗೆದ್ದ ಆಟದಲ್ಲಿ ತಪ್ಪಾಗಿ ಆಡಿದ್ದೆ. ಫಲವನ್ನು ಮಾತ್ರ ನೋಡಿದ್ದರೆ ಎರಡರಿಂದಲೂ ತಲೆಕೆಳಗಾದ ಪಾಠ ಕಲಿಯುತ್ತಿದ್ದೆ. ಜಗಲಿಯ ಜಗಳ ಎಷ್ಟೋ ಸಲ ಬಗೆಹರಿಯದೆ ಉಳಿಯುವುದು ಇದರಿಂದಲೇ. ಸೋತ ಆಟವನ್ನಷ್ಟೇ ಹಿಡಿದು ಜಗಳವಾಗುತ್ತದೆ. ಗೆದ್ದ ಆಟದ ತಪ್ಪನ್ನು ಯಾರೂ ಕೇಳುವುದಿಲ್ಲ.

ಪಶ್ಚಾತ್ತಾಪಪಡುವ ಯಂತ್ರ

ಈ ಮರುವಿಚಾರವನ್ನು ತುದಿಮುಟ್ಟಿಸಿದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಜ್ಞರು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಕಂಪ್ಯೂಟರಿನಿಂದ ಹೆಚ್ಚುಕಡಿಮೆ ಪೂರ್ಣವಾಗಿ ಬಿಡಿಸಿದ್ದೇವೆ ಎಂದು ೨೦೧೫ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು. ‘ಸೆಫಿಯಸ್’ ಎಂಬ ಆ ಯಂತ್ರಕ್ಕೆ ಯಾವ ಉಸ್ತಾದನೂ ಪಾಠ ಹೇಳಿರಲಿಲ್ಲ. ಅದು ತನ್ನೊಡನೆ ತಾನೇ ಆಡಿತು. ಪ್ರತಿ ಸಂದರ್ಭದಲ್ಲೂ ‘ಹೀಗೆ ಮಾಡುವ ಬದಲು ಹಾಗೆ ಮಾಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತು?’ ಎಂದು ಲೆಕ್ಕ ಹಾಕಿ ಕೂಡಿಸಿಟ್ಟುಕೊಂಡಿತು. ಈ ಮೊತ್ತಕ್ಕೆ ಗಣಿತಜ್ಞರು ಇಟ್ಟ ಹೆಸರೇ ಪಶ್ಚಾತ್ತಾಪ. ಅದು ಕಡಿಮೆಯಾಗುವಂತೆ ಮುಂದಿನ ನಡೆಗಳನ್ನು ತಿದ್ದಿಕೊಳ್ಳುತ್ತ ೪,೮೦೦ ಸಂಸ್ಕಾರಕಗಳು ಎರಡು ತಿಂಗಳಿಗೂ ಹೆಚ್ಚು ಕಾಲ ದುಡಿದವು. ಹಾಗೆ ಕಲಿತ ಯಂತ್ರವೂ ಒಂದೊಂದು ಆಟವನ್ನು ಸೋಲುತ್ತದೆ. ಎಲೆ ಅದರ ಕೈಯಲ್ಲಿಲ್ಲ. ದೀರ್ಘಕಾಲದಲ್ಲಿ ಮಾತ್ರ ಅದನ್ನು ಸೋಲಿಸಲಾಗದು.

ಕಾನೂನಿನ ಕಣ್ಣು

ನಿರ್ಧಾರ ಬೇರೆ, ಅದೃಷ್ಟ ಬೇರೆ ಎಂಬ ಈ ಭೇದವೇ ಕಾನೂನಿನಲ್ಲೂ ಇದೆ. ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಜಿಲ್ಲೆಗೆ ಅಲ್ಲಿಯ ೧೮೮೭ರ ಜೂಜು ತಡೆ ಕಾಯ್ದೆ ಅನ್ವಯಿಸುತ್ತಿತ್ತು. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಬಂದದ್ದು ೧೯೬೩ರ ಪೊಲೀಸ್ ಕಾಯ್ದೆ. ಅದರಲ್ಲಿ ಕೌಶಲದ ಆಟಗಳಿಗೆ ವಿನಾಯಿತಿಯಿದೆ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕಾದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಾಟದಂತಲ್ಲ ಎಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ಹೇಳಿತು. ಪೋಕರ್ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ೨೦೧೩ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಕೌಶಲದ ಆಟವಾಗಿ ಆಡುವುದಕ್ಕೆ ಪರವಾನಗಿ ಬೇಕಿಲ್ಲವೆಂದಿತು. ೨೦೧೭ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ಜೂಜೆಂದಿತು.

ಆಟ ಫೋನಿಗೆ ಬಂದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ ೨೦೨೧ರ ತಿದ್ದುಪಡಿಯನ್ನು ಹೈಕೋರ್ಟು ೨೦೨೨ರ ಫೆಬ್ರವರಿ ೧೪ರಂದು ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಕೌಶಲವಿರುವ ಆಟದಲ್ಲೂ ಮನೆ ಮುಳುಗಬಹುದು ಎಂಬುದು ಅದರ ಹಿಂದಿನ ಚಿಂತೆ.

ಆ ಚಿಂತೆ ಸುಳ್ಳಲ್ಲ. ಇಪ್ಪತ್ತೆಂಟರಲ್ಲಿ ಗುಲಾಮನನ್ನು ಯಾವಾಗ ಬಿಡಬೇಕೆಂದು ಕಲಿಯಬಹುದು. ಜಾತ್ರೆಯ ಬಯಲಿನ ಅಂದರ್-ಬಾಹರ್‌ನಲ್ಲಿ ಕಲಿಯಲು ಏನಿದೆ? ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ ಸುಮಾರು ೫೧.೫ರಷ್ಟು ಗೆಲುವು; ಪಣ ಕೊಡುವಾಗ ಆ ಅಲ್ಪ ಲಾಭವನ್ನೂ ಆಡಿಸುವವನು ಮುರಿದುಕೊಳ್ಳುತ್ತಾನೆ. ಅಲ್ಲಿ ಸೋತವನು ರಾತ್ರಿಯಿಡೀ ಲೆಕ್ಕ ಹಾಕಿದರೂ ಸಿಗುವ ಉತ್ತರ ಒಂದೇ: ಕೂರಬಾರದಿತ್ತು. ವರ್ಷಕ್ಕೊಂದೇ ಸಲ ಅಡಿಕೆಯ ದುಡ್ಡು ಕೈಸೇರುವ ಈ ಸೀಮೆಯಲ್ಲಿ ಒಂದು ರಾತ್ರಿಯ ಸೋಲು ಒಂದು ವರ್ಷದ ಸೋಲಾಗಬಲ್ಲದು. ವೇದದ ಜೂಜುಗಾರನಿಗೆ ಸಿಕ್ಕ ಬುದ್ಧಿಮಾತು ತೋಟದವರಿಗೂ ಹಳೆಯದಾಗಿಲ್ಲ.

ಸೋತದ್ದೇಕೆಂದು ಲೆಕ್ಕ ಹಾಕುವುದು ಬೇರೆ, ಸೋತದ್ದನ್ನು ಅಂದೇ ಮರಳಿ ತರುತ್ತೇನೆಂದು ಮತ್ತೆ ಕೂರುವುದು ಬೇರೆ. ಧರ್ಮರಾಯ ಮಾಡಿದ್ದು ಎರಡನೆಯದು. ನಳ ವಿದ್ಯೆ ಕಲಿತ ಮೇಲೆ ಮರಳಿ ಆಡಿದ್ದು ಒಂದೇ ಸಲ. ಗೆದ್ದ ಮೇಲೆ ಪುಷ್ಕರನಿಗೆ ಅವನ ಪಾಲನ್ನು ಹಿಂದಕ್ಕೆ ಕೊಟ್ಟು, ದಾಳ ಬಿಟ್ಟು ಎದ್ದ. ಜಗಲಿಯ ಕಂಬಳಿ ಮಡಚುವ ಹೊತ್ತಿಗೆ ‘ಎಲೆನೇ ಸರಿ ಬೈಂದಿಲ್ಲೆ’ ಎನ್ನುವವರು ನೆನೆಯಬೇಕಾದ್ದು ಅವನು ಎಣಿಸಿದ ಆ ತಾರೆಮರವನ್ನು.