ಮಿಲ್ಲಿನ ಕಣ್ಣಿಗೆ ಕನ್ನಡಕ, ಕಣದ ಕಣ್ಣಿಗೆ ಏನು?

ಸುಗ್ಗಿ ಬಂತೆಂದರೆ ನಮ್ಮಂಥ ತಾಲ್ಲೂಕು ವರದಿಗಾರರಿಗೆ ಒಂದು ಸುದ್ದಿ ಖಾಯಂ: ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕೈ ತುಂಡು. ಅದು ಜಿಲ್ಲಾ ಪುಟದಲ್ಲಿ ಬರುತ್ತದೆ. ಅದೇ ಯಂತ್ರದಿಂದ ಸಿಡಿದ ಹೊಟ್ಟು ಕಣ್ಣಿಗೆ ಬಿದ್ದು, ಕೆಲವೇ ವಾರಗಳಲ್ಲಿ ದೃಷ್ಟಿ ಹೋದರೆ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಈ ಮರೆವಿಗೂ ಒಂದು ಇತಿಹಾಸವಿದೆ.

ಹಿಂದೆ ಹೊನ್ನಾಳಿ, ನ್ಯಾಮತಿಯ ಭತ್ತವಾಗಲಿ, ಜಗಳೂರಿನ ಜೋಳವಾಗಲಿ, ಕಣದಲ್ಲಿ ಎತ್ತು ಕಟ್ಟಿ ಒಕ್ಕುತ್ತಿದ್ದರು. ತೂರುವವರು ಹೊಟ್ಟು ಮುಖಕ್ಕೆ ಬಾರದಂತೆ ಗಾಳಿ ನೋಡಿ ನಿಲ್ಲುತ್ತಿದ್ದರು. ಭದ್ರಾ ನಾಲೆ ಬಂದ ಮೇಲೆ ನೀರಾವರಿ ಭಾಗದಲ್ಲಿ ಭತ್ತ, ಅಡಿಕೆ ಹೆಚ್ಚಿತು. ಮಳೆ ನಂಬಿದ ಜಗಳೂರಿಗೆ ಮೆಕ್ಕೆಜೋಳ ಬಂತು. ಜೊತೆಗೆ ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರಗಳೂ ಬಂದವು. ಅವು ಗಾಳಿಯ ದಿಕ್ಕು ನೋಡುವುದಿಲ್ಲ. ಚನ್ನಗಿರಿಯ ತೋಟಗಳಲ್ಲಿ ದೋಟಿ ಹಿಡಿದು ಗೊನೆ ಇಳಿಸುವವರ ಮುಖವಂತೂ ಮೇಲಕ್ಕೇ ಇರುತ್ತದೆ.

ಕಾನೂನು ಮೊದಲು ನೋಡಿದ್ದು ಕಾರ್ಖಾನೆಯನ್ನು. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ, ಚೂರು ಸಿಡಿಯುವ ಅಥವಾ ಅತಿಯಾದ ಬೆಳಕು ಬೀಳುವ ಕೆಲಸದಲ್ಲಿ ಕಾರ್ಮಿಕರಿಗೆ ಮರೆ ಇಲ್ಲವೇ ಕನ್ನಡಕ ಒದಗಿಸಬೇಕೆಂದಿತು. ದಾವಣಗೆರೆಯ ಮಿಲ್ಲುಗಳು ಅದರ ವ್ಯಾಪ್ತಿಗೆ ಬಂದವು, ಸುತ್ತಲಿನ ಹೊಲಗಳು ಬರಲಿಲ್ಲ. ಒಕ್ಕಣೆ ಯಂತ್ರಗಳಿಗೆಂದು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಅದರ ಚಿಂತೆಯೂ ಮುಖ್ಯವಾಗಿ ಕೈಕಾಲಿನದೇ. 1923ರ ಪರಿಹಾರ ಕಾಯ್ದೆ, ತಿದ್ದುಪಡಿಗಳ ನಂತರ, ಒಂದು ಕಣ್ಣಿನ ದೃಷ್ಟಿ ಹೋದರೆ ದುಡಿಮೆಯ ಶಕ್ತಿ ಶೇ 30ರಷ್ಟು ನಷ್ಟವೆಂದು ಲೆಕ್ಕ ಹಾಕಿತು. ಟ್ರ್ಯಾಕ್ಟರ್, ವಿದ್ಯುತ್ ಯಂತ್ರಗಳಿಂದ ನಡೆಯುವ ಬೇಸಾಯದ ಕೆಲಸಗಾರರನ್ನೂ ಸೇರಿಸಿಕೊಂಡಿತು. ಆದರೆ ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ಹೋಗುವ ಕೂಲಿಯವರಿಗೆ ಹಾಜರಿ ಪುಸ್ತಕ ಎಲ್ಲಿಯದು?

ವೈದ್ಯಕೀಯವೂ ಹಳ್ಳಿಗೆ ಬಂದದ್ದು ಬೇರೆ ಕಾರಣಕ್ಕೆ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದರು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಲಕ್ಷಾಂತರ ಹಿರಿಯರಿಗೆ ಕಣ್ಣು ಬಂತು. ಆದರೆ ಪೊರೆ ಮುಂದಿನ ಶಿಬಿರದವರೆಗೆ ಕಾಯುತ್ತದೆ, ಗಾಯ ಕಾಯುವುದಿಲ್ಲ.

ಗಾಯ ಎಷ್ಟು ಹೊತ್ತು ಕಾಯುತ್ತದೆ ಎಂಬುದೂ ಗೊತ್ತಾಗಿದೆ. 1994ರಲ್ಲಿ ಮಧುರೈನಲ್ಲಿ ಮೂರು ತಿಂಗಳಲ್ಲಿ ಕಾರ್ನಿಯಾ ಹುಣ್ಣಾಗಿ ಬಂದ 434 ಜನರನ್ನು ಪರೀಕ್ಷಿಸಿದಾಗ, ಸುಮಾರು ಶೇ 65 ಮಂದಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು, ಬಹುಪಾಲು ಹೊಲದ ಕೆಲಸದಲ್ಲಿ. ನೇಪಾಳದ ಭಕ್ತಪುರದಲ್ಲಿ ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು ಎರಡು ವರ್ಷ ಸುಮಾರು 35,000 ಜನರ ಮೇಲೆ ನಿಗಾ ಇಟ್ಟು, ಕಾರ್ನಿಯಾ ತರಚಿದವರಿಗೆ ದಿನಕ್ಕೆ ಮೂರು ಸಲದಂತೆ ಮೂರು ದಿನ ಆ್ಯಂಟಿಬಯೋಟಿಕ್ ಮುಲಾಮು ಹಚ್ಚಿದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. 18 ಗಂಟೆಯೊಳಗೆ ಬಂದ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 38 ಜನರಲ್ಲಿ 11 ಮಂದಿಗೆ ಹುಣ್ಣಾಯಿತು.

ನಮ್ಮಲ್ಲಿ ಆ ಒಂದು ದಿನ ಕಣ್ಣುಜ್ಜುವುದರಲ್ಲಿ, ಎದೆಹಾಲು, ಸೊಪ್ಪಿನ ರಸ ಹಿಂಡುವುದರಲ್ಲಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕುವುದರಲ್ಲಿ ಕಳೆಯುತ್ತದೆ. ಆ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಸೋಂಕು ಇನ್ನೂ ಕೆರಳುತ್ತದೆ. ಕೊನೆಗೆ ಕಣ್ಣಿಗೆ ಹೂ ಬೀಳುತ್ತದೆ.

ಆದ್ದರಿಂದ ಇಷ್ಟು: ಯಂತ್ರದ ಮುಂದೆ, ದೋಟಿಯ ಕೆಳಗೆ, ಔಷಧಿ ಹೊಡೆಯುವಾಗ ಪಕ್ಕವೂ ಮುಚ್ಚುವ ಕನ್ನಡಕ ಹಾಕಿ. ಯಂತ್ರ ಬಾಡಿಗೆಗೆ ಕೊಡುವವರೇ ಅದನ್ನೂ ಕೊಡಲಿ. ಕಸ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ. ಸುಣ್ಣ, ಔಷಧಿ ಬಿದ್ದರೆ ತಕ್ಷಣವೇ ಬಹಳ ಹೊತ್ತು ನೀರು ಹಾಯಿಸುತ್ತಲೇ ಇರಿ. ಚುಚ್ಚಿಕೊಂಡದ್ದನ್ನು ಕೀಳಬೇಡಿ. ಕೆಲಸ ಮುಗಿಯಲಿ ಎನ್ನದೆ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ವರದಿಗಾರ ಮಿತ್ರರಲ್ಲೂ ಒಂದು ಮಾತು. ಈ ಸುಗ್ಗಿಗೆ ಆಸ್ಪತ್ರೆಗೆ ಹೋದಾಗ ಕೈ ಕಳೆದುಕೊಂಡವರ ಜೊತೆಗೆ, ಕಣ್ಣಿಗೆ ಪಟ್ಟಿ ಕಟ್ಟಿ ಕೂತವರನ್ನೂ ಏನಾಯಿತೆಂದು ಕೇಳೋಣ.