ಅಲುಗುವ ಕೋಣೆ, ಅಲುಗದ ಮನೆ

ಆದಿಶೇಷ ಹೆಡೆ ಕೊಡವಿದರೆ ಭೂಮಿ ನಡುಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜಪಾನೀಯರ ಕಲ್ಪನೆಯಲ್ಲಿ ಅದು ನೆಲದಡಿ ಮಲಗಿರುವ ಮೀಸೆಯುಳ್ಳ ದೈತ್ಯ ಮೀನೊಂದರ ಕೆಲಸ. 1855ರಲ್ಲಿ ಎಡೊ ನಗರ, ಅಂದರೆ ಈಗಿನ ಟೋಕಿಯೊ, ಭೂಕಂಪಕ್ಕೆ ತುತ್ತಾದಾಗ ಆ ಮೀನಿನ ಬಣ್ಣದ ಚಿತ್ರಗಳಿಗೆ ಭಾರಿ ಬೇಡಿಕೆ ಬಂದಿತ್ತು. ಅದೇ ದೇಶದಲ್ಲಿ ಇಂದು ಜನರಿಗೆ ಭೂಕಂಪದ ಪಾಠ ಹೇಳುತ್ತಿರುವುದು ನೆಲದ ಒಂದು ಸೀಳು, ಅಲುಗುವ ಒಂದು ಕೋಣೆ ಮತ್ತು ಒಂದು ಮನೆ.

1995ರ ಜನವರಿ 17ರ ಬೆಳಗಿನ 5.46ಕ್ಕೆ ಕೋಬೆ ನಗರವೂ ಅದರ ಎದುರಿನ ಅವಾಜಿ ದ್ವೀಪವೂ ಕಂಪಿಸಿದವು. ಸತ್ತವರು 6,434 ಮಂದಿ. ಆ ಸೀಮೆಗೆ ದೊಡ್ಡ ಭೂಕಂಪ ಬಾರದೆಂದೇ ಅಲ್ಲಿನ ಬಹಳ ಜನ ನಂಬಿದ್ದರು. (ದಖನ್ ಪ್ರಸ್ಥಭೂಮಿ ಅಲುಗದ ಬಂಡೆಯೆಂದು ನಮ್ಮಲ್ಲೂ ಅನೇಕರು ನಂಬಿದ್ದರು, 1993ರಲ್ಲಿ ಕಿಲ್ಲಾರಿ ನೆಲಸಮವಾಗುವವರೆಗೆ.)

ಅವಾಜಿಯ ನೊಜಿಮಾ ಸ್ತರಭಂಗದ ಗುಂಟ ನೆಲ ಸುಮಾರು 10 ಕಿ.ಮೀ. ಉದ್ದಕ್ಕೆ ಸೀಳಿತು. ಇಂಥ ಗಾಯವನ್ನು ಮಳೆ ಮತ್ತು ನೇಗಿಲು ಕೆಲವೇ ವರ್ಷಗಳಲ್ಲಿ ಅಳಿಸಿಬಿಡುತ್ತವೆ. ಹಾಗಾಗದಂತೆ ಸೀಳಿನ 140 ಮೀಟರ್ ಭಾಗಕ್ಕೆ ಸೂರು ಕಟ್ಟಿ 1998ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ನೇರವಾಗಿದ್ದ ರಸ್ತೆ, ಬೇಲಿಗಳು ಮಧ್ಯದಲ್ಲೇ ತುಂಡಾಗಿ ಪಕ್ಕಕ್ಕೆ ಸರಿದಿರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಅಲ್ಲಿಯೇ ಇದೆ ಅಲುಗುವ ಕೋಣೆ. ಕುಳಿತವರನ್ನು ಯಂತ್ರ ಅಂದಿನಂತೆಯೇ ಕುಲುಕುತ್ತದೆ. ಲಂಡನ್ನಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲೂ ಕೋಬೆಯ ಅಂಗಡಿಯೊಂದರ ಮಾದರಿಯನ್ನು ಹೀಗೆಯೇ ಅಲುಗಿಸಿ ತೋರಿಸುತ್ತಾರೆ. ಮಕ್ಕಳಿಗೆ ಇದು ಜಾತ್ರೆಯ ತೊಟ್ಟಿಲಿನಷ್ಟೇ ಖುಷಿ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಒಂದು ಭ್ರಮೆಯನ್ನು ಅದು ಕಳೆಯುತ್ತದೆ. ‘ನಡುಗಿದ ಕೂಡಲೇ ಹೊರಗೆ ಓಡಿದರಾಯಿತು’ ಎನ್ನುವವರಿಗೆ, ಜೋರಾಗಿ ನಡುಗುವ ನೆಲದ ಮೇಲೆ ಎದ್ದು ನಿಲ್ಲುವುದೇ ಕಷ್ಟವೆಂದು ಮೈಗೇ ತಿಳಿಯುತ್ತದೆ. ಮೇಜಿನಡಿ ನುಸುಳಿ ಅದರ ಕಾಲನ್ನು ಗಟ್ಟಿಯಾಗಿ ಹಿಡಿಯಿರಿ ಎಂದು ಶಾಲೆಯಲ್ಲಿ ಹೇಳಿಕೊಡುವ ಮಾತಿಗೆ ಆಗ ಅರ್ಥ ಬರುತ್ತದೆ.

ಯಂತ್ರ ಹೇಳದ ಪಾಠವನ್ನು ಹೇಳುವುದು ಪಕ್ಕದ ಮನೆ. ಸೀಳು ಅದರ ಅಂಚಿನಲ್ಲೇ ಹಾದುಹೋಗಿದೆ. ಅಂಗಳದ ಗೋಡೆ ಜರುಗಿತು. ಆದರೆ ಭದ್ರವಾಗಿ ಕಟ್ಟಿದ್ದ ಮನೆ ಕುಸಿಯಲಿಲ್ಲ. ಪಾತ್ರೆಪಗಡಗಳು ಚೆಲ್ಲಾಪಿಲ್ಲಿಯಾದ ಅದರ ಅಡುಗೆಮನೆಯನ್ನು ಅಂದಿನ ಸ್ಥಿತಿಯಲ್ಲೇ ತೋರಿಸಲಾಗಿದೆ. ಸ್ತರಭಂಗದಿಂದ ದೂರವಿದ್ದ ಎಷ್ಟೋ ಹಳೆಯ ಮರದ ಮನೆಗಳು ಭಾರವಾದ ಹೆಂಚಿನ ಮಾಡಿನೊಡನೆ ಮಲಗಿದ್ದವರ ಮೇಲೆ ಬಿದ್ದಿದ್ದವು. ಕಿಲ್ಲಾರಿಯಲ್ಲೂ ನಸುಕಿನಲ್ಲಿ ಜನರ ಮೇಲೆ ಕುಸಿದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೇ.