ಒಂದೇ ಟ್ಯೂನ್, ಎರಡು ಆಲ್ಬಂ: ಗವರ್ನರ್ ಹೆಸರು ಹಿಡಿದು ಹಾಡಿದ ಜಾಝ್

ಚಾರ್ಲ್ಸ್ ಮಿಂಗಸ್ ಒಂದೇ ಟ್ಯೂನನ್ನು ಹದಿನೇಳು ತಿಂಗಳ ಅಂತರದಲ್ಲಿ ಎರಡು ಕಂಪನಿಗಳಿಗೆ ರೆಕಾರ್ಡ್ ಮಾಡಿಕೊಟ್ಟರು. 1959ರ ಮೇ ತಿಂಗಳಲ್ಲಿ ಕೊಲಂಬಿಯಾಗೆ ಮಾಡಿದಾಗ ಅದರಲ್ಲಿ ಒಂದೇ ಒಂದು ಮಾತಿಲ್ಲ, ಬರೀ ವಾದ್ಯ. 1960ರ ಅಕ್ಟೋಬರಿನಲ್ಲಿ ಕ್ಯಾಂಡಿಡ್ ಎಂಬ ಸಣ್ಣ ಕಂಪನಿಗೆ ಮಾಡಿದಾಗ ಅದೇ ಟ್ಯೂನಿನಲ್ಲಿ ಅಧಿಕಾರದಲ್ಲಿದ್ದ ಗವರ್ನರನ್ನು ಹೆಸರು ಹಿಡಿದು ಗೇಲಿ ಮಾಡಲಾಗಿದೆ. ಮೊದಲನೆಯದರ ಹೆಸರು ‘ಫೇಬಲ್ಸ್ ಆಫ್ ಫಾಬಸ್’, ಎರಡನೆಯದು ‘ಒರಿಜಿನಲ್ ಫಾಬಸ್ ಫೇಬಲ್ಸ್’. ಆ ‘ಒರಿಜಿನಲ್’ ಅನ್ನೋ ಒಂದು ಪದದಲ್ಲೇ ಅರ್ಧ ಕಥೆ ಇದೆ.

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಜಾಝ್ ಹುಡುಕಿದರೆ ಓದುವಾಗ ಕೇಳಲು, ಮಳೆ ಬರುವಾಗ ಕೇಳಲು, ಊಟ ಮಾಡುವಾಗ ಕೇಳಲು ಅಂತ ಪಟ್ಟಿಗಳು ಬರುತ್ತವೆ. ಕಿವಿಗೆ ಹಿತ, ತಲೆಗೆ ಕೆಲಸವಿಲ್ಲ. ಆದರೆ 1957ರಿಂದ 1964ರ ನಡುವೆ ಅಮೆರಿಕದಲ್ಲಿ ಹೊರಬಂದ ಕೆಲವು ಆಲ್ಬಂಗಳು ನಾಗರಿಕ ಹಕ್ಕುಗಳ ಚಳವಳಿಯ ದಾಖಲೆಗಳೂ ಹೌದು. ಅವನ್ನು ಯಾರು ರೆಕಾರ್ಡ್ ಮಾಡಿದರು ಅನ್ನೋದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಟೇಪು ಯಾರ ಕೈಯಲ್ಲಿತ್ತು?

ಲಿಟಲ್ ರಾಕ್‌ನ ಒಂಬತ್ತು ಮಕ್ಕಳು

ಮೊದಲು ಫಾಬಸ್ ಯಾರು ಅಂತ ನೋಡೋಣ. ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳನ್ನು ಬೇರೆ ಬೇರೆ ಇಡುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದ ಮಾತ್ರಕ್ಕೆ ಶಾಲೆಯ ಬಾಗಿಲು ತೆರೆಯುವುದಿಲ್ಲ ಅನ್ನೋದು ನಮಗೂ ಗೊತ್ತಿರುವ ಸಂಗತಿಯೇ. 1957ರ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಹೊರಟಾಗ, ಗವರ್ನರ್ ಒರ್ವಲ್ ಫಾಬಸ್ ಅವರನ್ನು ತಡೆಯಲು ನ್ಯಾಷನಲ್ ಗಾರ್ಡ್ ಪಡೆಯನ್ನೇ ಕಳಿಸಿದ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ಏರ್‌ಬೋರ್ನ್ ತುಕಡಿಯನ್ನು ಕಳಿಸಿ, ಸೈನಿಕರ ಕಾವಲಿನಲ್ಲಿ ಮಕ್ಕಳನ್ನು ಒಳಗೆ ಸೇರಿಸಬೇಕಾಯಿತು. ಮರುವರ್ಷ ಫಾಬಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕಿಂತ ಎಲ್ಲರ ಶಾಲೆಯನ್ನೂ ಮುಚ್ಚುವುದೇ ವಾಸಿ ಎಂದು ಲಿಟಲ್ ರಾಕ್‌ನ ಹೈಸ್ಕೂಲುಗಳಿಗೆ ಇಡೀ 1958–59ರ ಶೈಕ್ಷಣಿಕ ವರ್ಷ ಬೀಗ ಹಾಕಿಸಿದ.

ಅಂದರೆ ಮಿಂಗಸ್ ನ್ಯೂಯಾರ್ಕಿನಲ್ಲಿರುವ ಕೊಲಂಬಿಯಾ ಸ್ಟುಡಿಯೋದಲ್ಲಿ ಈ ಟ್ಯೂನ್ ನುಡಿಸುವಾಗ ಆ ಬೀಗ ಇನ್ನೂ ತೆಗೆದಿರಲಿಲ್ಲ. ಹಳೆಯ ಗಾಯವನ್ನು ನೆನೆದು ಕಟ್ಟಿದ ಸಂಗೀತ ಅಲ್ಲ ಇದು, ಆ ವಾರದ ಸುದ್ದಿ.

ಬಾಯಿ ಬಿಟ್ಟ ಮೊದಲ ಜಾಝ್ ದೊಡ್ಡವರು ಮಿಂಗಸ್ ಅಲ್ಲ ಅನ್ನೋದನ್ನೂ ಹೇಳಬೇಕು. 1957ರಲ್ಲೇ ಲೂಯಿ ಆರ್ಮ್‌ಸ್ಟ್ರಾಂಗ್, ಸದಾ ನಗುವ ಮುಖದ, ಯಾರಿಗೂ ನೋವು ಮಾಡದ ಕಲಾವಿದ ಎಂದು ಹೆಸರಾಗಿದ್ದವರು, ನಾರ್ತ್ ಡಕೋಟಾದಲ್ಲಿ ಒಬ್ಬ ಎಳೆಯ ವರದಿಗಾರನ ಮುಂದೆ ಫಾಬಸ್‌ನನ್ನೂ ಅಧ್ಯಕ್ಷರನ್ನೂ ತರಾಟೆಗೆ ತೆಗೆದುಕೊಂಡರು. ಸರ್ಕಾರ ಗೊತ್ತುಮಾಡಿದ್ದ ಸೋವಿಯತ್ ಪ್ರವಾಸಕ್ಕೆ ಹೋಗೋದಿಲ್ಲ ಎಂದರು. ಫಾಬಸ್ ಬಗ್ಗೆ ಅವರು ಬಳಸಿದ ಬೈಗುಳವನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿರಲಿಲ್ಲ, ಹಾಗಾಗಿ ಇಬ್ಬರೂ ಕೂತು ಒಂದು ಮೆದು ಪದ ಹುಡುಕಿಕೊಂಡರು. ಸುದ್ದಿಮನೆಯಲ್ಲಿ ಕೆಲಸ ಮಾಡುವ ನನಗೆ ಈ ಪ್ರಸಂಗ ಬಹಳ ಇಷ್ಟ.

ಮಾತಿಲ್ಲದ್ದು, ಮಾತಿರುವುದು

ಕೊಲಂಬಿಯಾದ ಆಲ್ಬಂ ‘ಮಿಂಗಸ್ ಆಹ್ ಅಮ್’. ನಿರ್ಮಾಪಕ ಟಿಯೋ ಮಸೆರೋ. ಜಾಝ್ ಇತಿಹಾಸದ ಅತ್ಯುತ್ತಮ ಆಲ್ಬಂಗಳ ಪಟ್ಟಿ ಯಾರೇ ಮಾಡಿದರೂ ಇದನ್ನು ಬಿಡೋದು ಕಷ್ಟ. ಎಂಟು ನಿಮಿಷ ಚಿಲ್ಲರೆಯ ‘ಫೇಬಲ್ಸ್ ಆಫ್ ಫಾಬಸ್’ನಲ್ಲಿ ಗಾಳಿವಾದ್ಯಗಳು ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುವ ಅಧಿಕಾರಿಯ ನಡಿಗೆಯನ್ನು ಅಣಕಿಸುತ್ತವೆ. ಗೊತ್ತಿಲ್ಲದವರು ಕೇಳಿದರೆ ತಮಾಷೆಯ ಟ್ಯೂನ್ ಅಷ್ಟೇ. ಶೀರ್ಷಿಕೆ ಒಂದೇ ಸುಳಿವು.

ಮಾತುಗಳಿಗೆ ಕೊಲಂಬಿಯಾ ಒಪ್ಪಲಿಲ್ಲ ಎನ್ನುವುದು ಬಹುಕಾಲದಿಂದ ನಡೆದುಬಂದ ವಿವರಣೆ. 1959ರಲ್ಲಿ ಮಾತುಗಳೇ ಹುಟ್ಟಿರಲಿಲ್ಲ, ವೇದಿಕೆಯ ಮೇಲೆ ನುಡಿಸುತ್ತ ನುಡಿಸುತ್ತ ಸೇರಿಕೊಂಡವು ಎಂದು ವಾದಿಸುವವರೂ ಇದ್ದಾರೆ. ಎರಡನೆಯದೇ ನಿಜ ಅಂತ ಇಟ್ಟುಕೊಂಡರೂ ನನ್ನ ಲೆಕ್ಕ ಬದಲಾಗುವುದಿಲ್ಲ. ಆ ಮಾತುಗಳು ಪ್ಲೇಟಿಗೆ ಹತ್ತಿದ್ದು ದೊಡ್ಡ ಕಂಪನಿಯಲ್ಲಿ ಅಲ್ಲ. ಮಿಂಗಸ್ ಮುಂದಿನ ಸಲ ಅದಕ್ಕೆ ‘ಒರಿಜಿನಲ್’ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಕ್ಯಾಂಡಿಡ್‌ನ ಆಲ್ಬಂ ‘ಚಾರ್ಲ್ಸ್ ಮಿಂಗಸ್ ಪ್ರೆಸೆಂಟ್ಸ್ ಚಾರ್ಲ್ಸ್ ಮಿಂಗಸ್’. ನಾಲ್ಕೇ ಜನ: ಮಿಂಗಸ್, ಡ್ರಮ್ಸ್‌ನಲ್ಲಿ ಡ್ಯಾನಿ ರಿಚ್ಮಂಡ್, ಟ್ರಂಪೆಟ್‌ನಲ್ಲಿ ಟೆಡ್ ಕರ್ಸನ್, ಆಲ್ಟೋ ಸ್ಯಾಕ್ಸೋಫೋನ್ ಮತ್ತು ಬೇಸ್ ಕ್ಲಾರಿನೆಟ್‌ನಲ್ಲಿ ಎರಿಕ್ ಡಾಲ್ಫಿ. ಪಿಯಾನೋ ಇಲ್ಲ. ಸ್ಟುಡಿಯೋದಲ್ಲಿ ಒಬ್ಬ ಶ್ರೋತೃವೂ ಇಲ್ಲದಿದ್ದರೂ ಮಿಂಗಸ್ ಕ್ಲಬ್ಬಿನಲ್ಲಿ ಇದ್ದವರಂತೆ, ಚಪ್ಪಾಳೆ ತಟ್ಟಬೇಡಿ, ಗ್ಲಾಸು ಸದ್ದು ಮಾಡಬೇಡಿ ಎಂದು ಇಲ್ಲದ ಜನರಿಗೆ ತಾಕೀತು ಮಾಡುತ್ತಾರೆ. ಆಮೇಲೆ ಫಾಬಸ್ ಶುರು. ಹಾಸ್ಯಾಸ್ಪದ ಮನುಷ್ಯನೊಬ್ಬನ ಹೆಸರು ಹೇಳು ಎಂದು ಮಿಂಗಸ್ ಕೇಳುತ್ತಾರೆ, ರಿಚ್ಮಂಡ್ ಗವರ್ನರ್ ಹೆಸರು ಹೇಳುತ್ತಾರೆ. ಯಾಕೆ ಹಾಗೆ ಎಂದರೆ, ಶಾಲೆಗೆ ಮಕ್ಕಳನ್ನು ಬಿಡೋದಿಲ್ಲವಲ್ಲ ಎಂಬ ಅರ್ಥದ ಉತ್ತರ. ಮೆರವಣಿಗೆಯಲ್ಲಿ ಒಬ್ಬರು ಕೂಗಿ ಉಳಿದವರು ಉತ್ತರ ಕೊಡುವ ಘೋಷಣೆಯ ರೀತಿ ಇದು. ನಡುನಡುವೆ ಇಬ್ಬರಿಗೂ ನಗು ತಡೆಯಲಾಗುತ್ತಿಲ್ಲ ಅನ್ನಿಸುತ್ತದೆ. ಸಿಟ್ಟು ಮತ್ತು ನಗು ಒಂದೇ ಬಾಯಿಂದ ಬರುವುದನ್ನು ಕೇಳಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಲಂಚ್ ಕೌಂಟರಿನ ಫೋಟೋ

ಕ್ಯಾಂಡಿಡ್‌ನಲ್ಲಿ ಯಾವುದನ್ನು ರೆಕಾರ್ಡ್ ಮಾಡಬೇಕು ಎಂದು ನಿರ್ಧರಿಸುತ್ತಿದ್ದವರು ನ್ಯಾಟ್ ಹೆಂಟಾಫ್, ಮೂಲತಃ ಪತ್ರಕರ್ತ. ಮಿಂಗಸ್‌ಗಿಂತ ಕೆಲವೇ ವಾರ ಮುಂಚೆ, 1960ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ಡ್ರಮ್ಮರ್ ಮ್ಯಾಕ್ಸ್ ರೋಚ್ ಅಲ್ಲೇ ‘ವಿ ಇನ್ಸಿಸ್ಟ್!’ ಮಾಡಿದ್ದರು. ‘ಫ್ರೀಡಂ ನೌ ಸ್ವೀಟ್’ ಎಂದೂ ಕರೆಯುತ್ತಾರೆ. ಮಾತುಗಳು ಆಸ್ಕರ್ ಬ್ರೌನ್ ಜೂನಿಯರ್ ಅವರವು, ಹಾಡಿದವರು ಆ್ಯಬಿ ಲಿಂಕನ್.

ಗುಲಾಮಗಿರಿ ರದ್ದು ಘೋಷಣೆಗೆ 1963ರಲ್ಲಿ ನೂರು ವರ್ಷ ತುಂಬುತ್ತಿತ್ತು, ಆ ಹೊತ್ತಿಗೆ ಅಂತ ರೋಚ್ ಮತ್ತು ಬ್ರೌನ್ ಈ ಕೃತಿ ಶುರುಮಾಡಿದ್ದರು. ಇತಿಹಾಸ ಅವರಿಗಿಂತ ವೇಗವಾಗಿ ಓಡಿತು. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯ ಬಿಳಿಯರಿಗೆ ಮೀಸಲಾದ ಲಂಚ್ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಆಲ್ಬಂನ ಮುಖಪುಟದಲ್ಲಿ ಅದೇ ದೃಶ್ಯ: ಕೌಂಟರಿನಲ್ಲಿ ಕೂತ ಮೂವರು ಕಪ್ಪು ಯುವಕರು ತಿರುಗಿ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾರೆ, ಹಿಂದೆ ಬಿಳಿ ಪರಿಚಾರಕ. ಹೋಟೆಲಿನಲ್ಲಿ ಬೇರೆ ಲೋಟ ಇಡುವ ಪದ್ಧತಿ ಗೊತ್ತಿರುವ ಊರಿನವರಿಗೆ ಈ ಚಿತ್ರ ವಿವರಿಸುವ ಅಗತ್ಯವಿಲ್ಲ.

ಒಳಗಿರುವುದು ಇನ್ನೂ ಕಠಿಣ. ‘ಡ್ರೈವಾ ಮ್ಯಾನ್’ ಐದು ಎಣಿಕೆಯ ಲಯದಲ್ಲಿದೆ, ನಮ್ಮ ಖಂಡಚಾಪು ಕೇಳಿದವರಿಗೆ ಕೈಯಲ್ಲಿ ಎಣಿಸಲು ಸುಲಭ. ಮೊದಲ ಏಟು ಮಾತ್ರ ಚಾಟಿಯಂತೆ ಬೀಳುತ್ತದೆ, ಹೊಲದಲ್ಲಿ ಗುಲಾಮರನ್ನು ದುಡಿಸುವ ಮೇಸ್ತ್ರಿಯ ಚಾಟಿ. ಇದರಲ್ಲಿ ಸ್ಯಾಕ್ಸೋಫೋನ್ ನುಡಿಸಿದ ಹಿರಿಯ ಕೋಲ್ಮನ್ ಹಾಕಿನ್ಸ್ ಒಂದು ಕಡೆ ಸ್ವರ ಜಾರಿ ಕೀಚ್ ಎಂದಿತು. ಟೇಪು ಕತ್ತರಿಸಿ ಸರಿಮಾಡುವ ಮಾತು ಬಂದಾಗ ಅವರೇ ಬೇಡ ಎಂದರು. ಇಂಥ ವಿಷಯದಲ್ಲಿ ಎಲ್ಲವೂ ನುಣುಪಾಗಿದ್ದರೆ ಅದೇ ತಪ್ಪು ಎನ್ನುವುದು ಅವರ ನಿಲುವು. ‘ಟ್ರಿಪ್‌ಟಿಕ್’ನಲ್ಲಿ ಎರಡೇ ಸದ್ದು, ರೋಚ್ ಡ್ರಮ್ಸ್ ಮತ್ತು ಲಿಂಕನ್ ಕಂಠ. ನಡುವಿನ ‘ಪ್ರೊಟೆಸ್ಟ್’ ಭಾಗದಲ್ಲಿ ಲಿಂಕನ್ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಚೀರುತ್ತಾರೆ. ಹಾಡಲ್ಲ, ಚೀತ್ಕಾರ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುವವರಿಗೆ ಮುಂಚಿತವಾಗಿ ಹೇಳಿರುತ್ತೇನೆ, ವಾಲ್ಯೂಮ್ ನೋಡಿಕೊಳ್ಳಿ. ಕೊನೆಯ ಭಾಗ ‘ಟಿಯರ್ಸ್ ಫಾರ್ ಜೋಹಾನ್ಸ್‌ಬರ್ಗ್’. ಅದೇ ವರ್ಷದ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಪ್ರತಿಭಟನಾಕಾರರನ್ನು ಕೊಂದಿದ್ದರು. ಈ ಆಲ್ಬಂ ಅನ್ನು ದಕ್ಷಿಣ ಆಫ್ರಿಕಾ ನಿಷೇಧಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿದ್ದು 2022ರಲ್ಲಿ. ‘ಮಿಂಗಸ್ ಆಹ್ ಅಮ್’ ಆ ಪಟ್ಟಿಗೆ 2003ರಲ್ಲೇ ಸೇರಿತ್ತು.

ಪ್ಲೇಟಿನ ಮಾಲೀಕರು

ಮಿಂಗಸ್ ಮತ್ತು ರೋಚ್‌ಗೆ ಮಾಲೀಕತ್ವದ ಪ್ರಶ್ನೆ ಹೊಸದೇನಲ್ಲ. 1952ರಲ್ಲೇ ಇಬ್ಬರೂ, ಮಿಂಗಸ್ ಪತ್ನಿ ಸೀಲಿಯಾ ಜೊತೆ ಸೇರಿ, ಡೆಬ್ಯೂ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿ ಕಟ್ಟಿದ್ದರು. ಅದರ ಪ್ರಸಿದ್ಧ ಆಲ್ಬಂ ‘ಜಾಝ್ ಅಟ್ ಮ್ಯಾಸಿ ಹಾಲ್’, 1953ರ ಮೇ 15ರಂದು ಟೊರೊಂಟೋದಲ್ಲಿ ನಡೆದ ಕಛೇರಿಯದ್ದು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ, ಬಡ್ ಪವೆಲ್, ಮಿಂಗಸ್, ರೋಚ್, ಐವರೂ ಒಂದೇ ವೇದಿಕೆಯಲ್ಲಿ. ಅದೇ ರಾತ್ರಿ ರಾಕಿ ಮಾರ್ಸಿಯಾನೋನ ಹೆವಿವೇಟ್ ಬಾಕ್ಸಿಂಗ್ ಪಂದ್ಯ ಇದ್ದುದರಿಂದ ಸಭಾಂಗಣ ತುಂಬಲಿಲ್ಲ. ಪಾರ್ಕರ್ ಪ್ಲಾಸ್ಟಿಕ್ ಸ್ಯಾಕ್ಸೋಫೋನ್ ನುಡಿಸಿದರು. ಬೇರೆ ಕಂಪನಿಯ ಕರಾರಿನ ಕಾರಣಕ್ಕೆ ಪ್ಲೇಟಿನ ಮೇಲೆ ಅವರ ಹೆಸರು ‘ಚಾರ್ಲಿ ಚಾನ್’ ಎಂದಾಯಿತು. ಬೇಸ್ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಮಿಂಗಸ್ ಆಮೇಲೆ ಸ್ಟುಡಿಯೋದಲ್ಲಿ ತಮ್ಮ ಭಾಗವನ್ನು ಮೇಲಿಂದ ಮತ್ತೆ ನುಡಿಸಿ ಸೇರಿಸಿದರು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಮೋಸ ಅನ್ನಿಸುವುದಿಲ್ಲ. ಟೇಪು ತನ್ನದಾದರೆ ತಿದ್ದುವ ಹಕ್ಕೂ ತನ್ನದು.

ಡೆಬ್ಯೂ ಹೆಚ್ಚು ದಿನ ಬಾಳಲಿಲ್ಲ. 1960ರ ಜುಲೈಯಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದ ಸಂಭಾವನೆಯ ತಾರತಮ್ಯ ವಿರೋಧಿಸಿ ಇದೇ ಇಬ್ಬರು ಅದೇ ಊರಿನಲ್ಲಿ ಪರ್ಯಾಯ ಉತ್ಸವ ನಡೆಸಿದರು. ಕ್ಯಾಂಡಿಡ್‌ನ ಆಲ್ಬಂಗಳು ಬಂದಿದ್ದು ಅದರ ಬೆನ್ನಿಗೇ. ಕ್ಯಾಂಡಿಡ್ ಕೂಡ ಬೇಗ ಬಾಗಿಲು ಹಾಕಿತು. ಅದರ ಮಾತೃಸಂಸ್ಥೆ ಕೇಡೆನ್ಸ್ ಮುಚ್ಚಿದಾಗ ಮೂಲ ಟೇಪುಗಳನ್ನೆಲ್ಲ ಕೊಂಡವರು ಆ್ಯಂಡಿ ವಿಲಿಯಮ್ಸ್, ‘ಮೂನ್ ರಿವರ್’ ಮತ್ತು ಕ್ರಿಸ್‌ಮಸ್ ಗೀತೆಗಳಿಗೆ ಹೆಸರಾದ ಪಾಪ್ ಗಾಯಕ. ಲಿಂಕನ್ ಚೀತ್ಕಾರ, ಮಿಂಗಸ್ ಗೇಲಿ ಎರಡೂ ಅವರ ಆಸ್ತಿಪಟ್ಟಿಗೆ ಸೇರಿದವು. ಅವರ ತಪ್ಪೇನಿಲ್ಲ, ಆದರೆ ವ್ಯವಸ್ಥೆ ಹೇಗಿತ್ತು ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹೆಸರನ್ನೇ ಬದಲಿಸಿಬಿಡುವ ದಾರಿಯೂ ಇತ್ತು. ಸನ್ನಿ ರಾಲಿನ್ಸ್ 1958ರಲ್ಲಿ ರಿವರ್‌ಸೈಡ್ ಕಂಪನಿಗೆ ‘ಫ್ರೀಡಂ ಸ್ವೀಟ್’ ಮಾಡಿದರು. ಒಂದು ಬದಿಯನ್ನು ಪೂರ್ತಿ ತುಂಬುವ ಒಂದೇ ಕೃತಿ, ಆಸ್ಕರ್ ಪೆಟಿಫೋರ್ಡ್ ಬೇಸ್, ಇಲ್ಲೂ ಡ್ರಮ್ಸ್ ರೋಚ್ ಅವರದೇ. ಕಂಪನಿ ಅದನ್ನು ಆಮೇಲೆ ಮರುಬಿಡುಗಡೆ ಮಾಡುವಾಗ ಇನ್ನೊಂದು ಬದಿಯ ನಿರುಪದ್ರವಿ ಟ್ಯೂನಿನ ಹೆಸರು ತೆಗೆದುಕೊಂಡು ‘ಶ್ಯಾಡೋ ವಾಲ್ಟ್ಸ್’ ಎಂದು ಕರೆಯಿತು. ಒಂದು ಸ್ವರವನ್ನೂ ಮುಟ್ಟಲಿಲ್ಲ, ಹೊದಿಕೆ ಮಾತ್ರ ಬದಲು. ಹೆಡ್‌ಲೈನ್ ಬದಲಿಸಿದರೆ ಸಾಕು, ವರದಿ ಹಾಗೇ ಇರಲಿ ಎನ್ನುವ ಸಂಪಾದಕರನ್ನು ನಾನೂ ಕಂಡಿದ್ದೇನೆ.

ಮಾತೇ ಬೇಡದ ಪ್ರತಿಭಟನೆಯೂ ಉಂಟು. 1963ರ ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಚರ್ಚಿಗೆ ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದರು. ಎರಡು ತಿಂಗಳ ನಂತರ ಜಾನ್ ಕೋಲ್ಟ್ರೇನ್ ‘ಅಲಬಾಮಾ’ ರೆಕಾರ್ಡ್ ಮಾಡಿದರು. ಹೆಸರು ಬಿಟ್ಟರೆ ಬೇರೇನೂ ಹೇಳುವುದಿಲ್ಲ, ಕೇಳಿದವರಿಗೆ ಬೇರೇನೂ ಬೇಕಾಗುವುದಿಲ್ಲ. ಇದಿರುವ ಆಲ್ಬಂನ ಹೆಸರು ‘ಲೈವ್ ಅಟ್ ಬರ್ಡ್‌ಲ್ಯಾಂಡ್’. ಆದರೆ ಈ ಕೃತಿ ಕ್ಲಬ್ಬಿನದ್ದಲ್ಲ, ಸ್ಟುಡಿಯೋದ್ದು.

ಮಿಂಗಸ್ ಪಕ್ಕದಿಂದ ಬೆಂಗಳೂರಿಗೆ

ಮಿಂಗಸ್ 1963ರ ಜನವರಿಯಲ್ಲಿ ಇಂಪಲ್ಸ್ ಕಂಪನಿಗೆ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ ಮಾಡಿದರು. ಹನ್ನೊಂದು ಜನರ ತಂಡ. ಟಿಪ್ಪಣಿ ಬರೆಯಲು ತಮ್ಮ ಮನಶ್ಶಾಸ್ತ್ರಜ್ಞರನ್ನೇ ಕೂರಿಸಿದರು. ಅದರಲ್ಲಿ ಅಳುವಂತೆ, ಬೇಡುವಂತೆ ಕೇಳುವ ಆಲ್ಟೋ ಸ್ಯಾಕ್ಸೋಫೋನ್ ಬಾಸ್ಟನ್ನಿನ ಚಾರ್ಲಿ ಮಾರಿಯಾನೋ ಅವರದು. ಇದೇ ಮಾರಿಯಾನೋ ಮುಂದೆ ನಾಗಸ್ವರ ಕಲಿತರು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ವರ್ಷಗಟ್ಟಲೆ ನುಡಿಸಿದರು. ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಮತ್ತು ತಂಡದೊಂದಿಗೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ಅವರು ಮಾಡಿದ ಆಲ್ಬಂ ‘ಜ್ಯೋತಿ’. ಜಾಝ್ ಮತ್ತು ಕರ್ನಾಟಕ ಸಂಗೀತವನ್ನು ಬೆರೆಸುವ ಎಷ್ಟೋ ಪ್ರಯತ್ನಗಳಲ್ಲಿ ಒಂದು ಇನ್ನೊಂದಕ್ಕೆ ಅಲಂಕಾರ ಆಗಿಬಿಡುತ್ತದೆ. ‘ಜ್ಯೋತಿ’ಯಲ್ಲಿ ಮಾರಿಯಾನೋ ತಂಡದ ಒಬ್ಬ ಸದಸ್ಯರಾಗಿ ಕೂತಿದ್ದಾರೆ, ಕೊನ್ನಕ್ಕೋಲ್ ನಡೆಯುವಾಗ ಸುಮ್ಮನಿರುವುದೂ ಅವರಿಗೆ ಗೊತ್ತು.

ಕೇಳಲು ಕೂರುವವರು ‘ಮಿಂಗಸ್ ಆಹ್ ಅಮ್’ನ ಫಾಬಸ್ ಮೊದಲು ಕೇಳಿ, ಕ್ಯಾಂಡಿಡ್‌ನದ್ದು ಆಮೇಲೆ. ನಂತರ ಮತ್ತೆ ಮೊದಲನೆಯದಕ್ಕೆ ವಾಪಸ್ ಬನ್ನಿ. ಈ ಸಲ ಗಾಳಿವಾದ್ಯಗಳ ನಡುವಿನ ಖಾಲಿ ಜಾಗಗಳಲ್ಲಿ ರಿಚ್ಮಂಡ್ ಆ ಹೆಸರನ್ನು ಕೂಗುವುದು ಕೇಳಿಸುತ್ತದೆ.